ಧಣಿ, ಸಂಘ, ಸರ್ಕಾರ: ಆರೋಗ್ಯವಿಮೆಯ ವಿವಾದವನ್ನು ಕುರಿತು

(ಯಲ್ಲದಕೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿ ಉಪನ್ಯಾಸವೆಂದರೆ ಸಾಹಿತ್ಯವನ್ನೋ ಶರಣರ ಚರಿತ್ರೆಯನ್ನೋ ಕುರಿತದ್ದಾಗಿರಬೇಕೆಂಬ ಸಂಪ್ರದಾಯವೊಂದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಆ ಸಂಪ್ರದಾಯವನ್ನು ಬದಿಗಿರಿಸಿ, ಆಸ್ಪತ್ರೆಯ ಬಿಲ್ಲು, ವಿಮೆಯ ಕಾರ್ಡು, ಸಂಬಳದ ಚೀಟಿಯಲ್ಲಿ ಕಾಣುವ ಕಡಿತ ಎಂಬೀ ನೀರಸ ಪದಾರ್ಥಗಳನ್ನು ಕುರಿತು ಮಾತನಾಡುವುದಕ್ಕೆ ವ್ಯವಸ್ಥಾಪಕರು ಸಮ್ಮತಿಸಿದುದಕ್ಕಾಗಿ ನಾನು ಕೃತಜ್ಞನಾಗಿದ್ದೇನೆ. ವಿಷಯ ನೀರಸವಾದರೂ ವಿವಾದ ನೀರಸವಲ್ಲ. ಕಳೆದ ಕಾಲು ಶತಮಾನದಲ್ಲಿ ನಮ್ಮ ರಾಜ್ಯದಲ್ಲಿ ಯಶಸ್ವಿನಿ, ವಾಜಪೇಯಿ ಆರೋಗ್ಯಶ್ರೀ, ರಾಜೀವ್ ಆರೋಗ್ಯ ಭಾಗ್ಯ, ಜ್ಯೋತಿ ಸಂಜೀವಿನಿ, ಆರೋಗ್ಯ ಕರ್ನಾಟಕ, ಆಯುಷ್ಮಾನ್ ಭಾರತ, ಆರೋಗ್ಯ ಸಂಜೀವಿನಿ ಎಂದು ಯೋಜನೆಗಳು ಒಂದರ ಬೆನ್ನಿಗೊಂದು ಅವತರಿಸಿವೆ. ಹೆಸರಿಡುವ ವಿಷಯದಲ್ಲಿ ನಮ್ಮ ಸರ್ಕಾರಗಳು ಎಂದೂ ಕೃಪಣತೆ ತೋರಿಲ್ಲ. ಪ್ರತಿಯೊಂದು ಯೋಜನೆ ಹುಟ್ಟಿದಾಗಲೂ, ಇನ್ನೊಂದರಲ್ಲಿ ಲೀನವಾದಾಗಲೂ, ಮರುಜನ್ಮ ಪಡೆದಾಗಲೂ ರೈತರು, ನೌಕರರು, ವೈದ್ಯರು, ಆಸ್ಪತ್ರೆಗಳ ಒಡೆಯರು, ಶಾಸಕರು ತಮ್ಮತಮ್ಮೊಳಗೆ ತೀವ್ರವಾಗಿ ವಾದಿಸಿದ್ದಾರೆ.

ಈ ವಾದಗಳಲ್ಲೆಲ್ಲ ಮೇಲೆ ಕಾಣಿಸುವ ಪ್ರಶ್ನೆ, ಹಣವನ್ನು ಯಾರು ತೆರಬೇಕು ಎಂಬುದು. ಅದರ ತಳದಲ್ಲಿ ಮತ್ತೊಂದು ಪ್ರಶ್ನೆ ಅಡಗಿದೆ. ಅದನ್ನು ಬಾಯಿಬಿಟ್ಟು ಕೇಳುವವರು ವಿರಳ. ಕಾಯಿಲೆ ಬಿದ್ದ ಮನುಷ್ಯನಿಗೆ ಚಿಕಿತ್ಸೆಯ ಹಕ್ಕು ಯಾವ ಸಂಬಂಧದಿಂದ ಬರತಕ್ಕದ್ದು? ತನ್ನ ಧಣಿಯ ಕೈಕೆಳಗೆ ದುಡಿಯುತ್ತಿರುವುದರಿಂದಲೋ, ತಾನೊಂದು ಸಂಘದ ಸದಸ್ಯನಾಗಿರುವುದರಿಂದಲೋ, ಅಥವಾ ಈ ನಾಡಿನ ಪ್ರಜೆಯಾಗಿರುವುದರಿಂದಲೋ? ಈ ಮೂರು ದಾರಿಗಳನ್ನೂ ನಮ್ಮ ನಾಡು ತುಳಿದು ನೋಡಿದೆ, ಮತ್ತು ಮೂರರಲ್ಲಿಯೂ ಕೆಲವರು ದಾರಿಯ ಹೊರಗೆ ಉಳಿದಿದ್ದಾರೆ.

ಸಂಘದ ದಾರಿಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ಬಹುಮಟ್ಟಿಗೆ ಕರ್ನಾಟಕದ ಸ್ವಂತ ಆವಿಷ್ಕಾರ. 1905ರಲ್ಲಿ ಗದಗದ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರಷ್ಟೆ; ಸಾಲ, ಗೊಬ್ಬರ, ಬಿತ್ತನೆಯ ಬೀಜ ಇವುಗಳ ಪರಿಧಿಯನ್ನು ದಾಟಿ ಆ ಚಳವಳಿ ಶಸ್ತ್ರಚಿಕಿತ್ಸೆಯ ಕೊಠಡಿಯ ಬಾಗಿಲಿಗೆ ಬಂದು ನಿಲ್ಲುವುದಕ್ಕೆ ಹೆಚ್ಚುಕಡಮೆ ಒಂದು ಶತಮಾನವೇ ಹಿಡಿಯಿತು. ಹೃದಯಶಸ್ತ್ರಜ್ಞರಾದ ಡಾ. ದೇವಿ ಶೆಟ್ಟಿಯವರ ಕಲ್ಪನೆಯಲ್ಲಿ ಮೂಡಿ, ಎಸ್. ಎಂ. ಕೃಷ್ಣ ಅವರ ಸರ್ಕಾರದ ಆಶ್ರಯ ಪಡೆದು, 2003ರ ಜೂನ್‌ನಲ್ಲಿ ಕಾರ್ಯರೂಪಕ್ಕೆ ಬಂದ ಯಶಸ್ವಿನಿಯ ಲೆಕ್ಕ ಅತ್ಯಂತ ಸರಳವಾಗಿತ್ತು. ಸಹಕಾರ ಸಂಘದ ಸದಸ್ಯನು ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟುವುದು. ಸರ್ಕಾರ ಅದಕ್ಕೆ ತನ್ನ ಪಾಲನ್ನು ಸೇರಿಸುವುದು. ಸಾವಿರದ ಆರುನೂರಕ್ಕೂ ಮಿಕ್ಕಿದ ಶಸ್ತ್ರಚಿಕಿತ್ಸೆಗಳನ್ನು ಗೊತ್ತುಪಡಿಸಿದ ದರದಲ್ಲಿ ಮಾಡಲು ಒಪ್ಪಿದ ಆಸ್ಪತ್ರೆಗೆ ಹೋಗಿ, ಕೈಯಿಂದ ಹಣ ತೆರದೆ ಚಿಕಿತ್ಸೆ ಪಡೆಯುವುದು. ಲಕ್ಷಗಟ್ಟಲೆ ಜನ ಸೇರಿದಾಗ ಅವರಲ್ಲಿ ಒಂದು ವರ್ಷದೊಳಗೆ ಶಸ್ತ್ರಚಿಕಿತ್ಸೆ ಬೇಕಾಗುವವರು ಅತ್ಯಲ್ಪ. ಖಾಸಗಿ ಆಸ್ಪತ್ರೆಗಳಲ್ಲಿಯಾದರೋ ಹಾಸಿಗೆಗಳು ಖಾಲಿ ಬಿದ್ದಿರುತ್ತವೆ. ಆದುದರಿಂದ ಕಡಮೆ ದರಕ್ಕಾದರೂ ಅವು ರೋಗಿಗಳನ್ನು ಸ್ವೀಕರಿಸುವುವು. ಇಷ್ಟೇ ಅದರ ತರ್ಕ. ಮೊದಲನೆಯ ವರ್ಷದಲ್ಲಿಯೇ ಸುಮಾರು 16 ಲಕ್ಷ ಜನ ಸದಸ್ಯರಾದರು.

ಲೆಕ್ಕ ಸರಳವಾಗಿದ್ದರೂ ಸಾಕಾಗಲಿಲ್ಲವೆಂಬುದನ್ನು ಮರೆಮಾಚಬಾರದು. ಎರಡು ವರ್ಷಗಳಲ್ಲಿಯೇ ವಂತಿಗೆಯನ್ನು 120 ರೂಪಾಯಿಗೆ ಏರಿಸಬೇಕಾಯಿತು. ಸರ್ಕಾರದ ಸಹಾಯಧನವಿಲ್ಲದೆ ಯೋಜನೆ ತನ್ನ ಕಾಲ ಮೇಲೆ ನಿಂತದ್ದು ಯಾವ ವರ್ಷದಲ್ಲಿಯೂ ಇಲ್ಲ. ಶಸ್ತ್ರಚಿಕಿತ್ಸೆಗೆ ಮಾತ್ರ ಅನ್ವಯಿಸುತ್ತಿದ್ದುದರಿಂದ ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಜೀವಮಾನವೆಲ್ಲ ಮಾತ್ರೆ ನುಂಗುವವನಿಗೆ ಅದರಿಂದ ಪ್ರಯೋಜನವಿರಲಿಲ್ಲ. ಸಂಘದ ಸದಸ್ಯನಲ್ಲದವನು, ಎಂದರೆ ಅನೇಕ ಗ್ರಾಮಗಳಲ್ಲಿ ಪಹಣಿಯಲ್ಲಿ ಹೆಸರಿಲ್ಲದ ಕೂಲಿಯವನು, ಮೊದಲಿನಿಂದಲೂ ಹೊರಗೆ ನಿಂತಿದ್ದನು. ಇಷ್ಟಾದರೂ ಆ ಯೋಜನೆಯಲ್ಲಿ ಒಂದು ವಿಶೇಷ ಗುಣವಿದ್ದಿತು. ಕಾರ್ಡಿಗಾಗಿ ರೈತನು ಯಾವ ಕಚೇರಿಯ ಮುಂದೆಯೂ ತಾನು ಬಡವನೆಂದು ಪ್ರಮಾಣೀಕರಿಸಿಕೊಳ್ಳಬೇಕಾಗಿರಲಿಲ್ಲ. ತನ್ನ ಊರಿನ ಸೊಸೈಟಿಯಲ್ಲಿ, ತನಗೆ ಪರಿಚಿತನಾದ ಕಾರ್ಯದರ್ಶಿಯ ಕೈಗೆ ಹಣ ಕೊಟ್ಟು ರಶೀದಿ ಪಡೆಯುತ್ತಿದ್ದನು. ಆಸ್ಪತ್ರೆಯಲ್ಲಿ ಅನ್ಯಾಯವಾದರೆ ಬಂದು ಜಗಳವಾಡುವುದಕ್ಕೆ ಅವನಿಗೊಂದು ಸ್ಥಳವಿದ್ದಿತು, ಜಗಳವಾಡುವ ಅಧಿಕಾರವೂ ಇದ್ದಿತು.

2018ರಲ್ಲಿ ಈ ಯೋಜನೆಯನ್ನು ಆರೋಗ್ಯ ಕರ್ನಾಟಕದೊಳಗೆ ವಿಲೀನಗೊಳಿಸಿದಾಗ ಎದ್ದ ವಿವಾದದ ಉಭಯ ಪಕ್ಷಗಳನ್ನೂ ನಾನು ಗೌರವಿಸುತ್ತೇನೆ. ಸರ್ಕಾರದ ಪಕ್ಷ ಹೀಗಿತ್ತು: ಒಬ್ಬೊಬ್ಬರಿಗೆ ಒಂದೊಂದು ಯೋಜನೆ, ಒಂದೊಂದು ದರಪಟ್ಟಿ, ಒಂದೊಂದು ಕಚೇರಿ ಇರುವುದಕ್ಕಿಂತ ನಾಡಿನ ಸಮಸ್ತರಿಗೂ ಒಂದೇ ಛತ್ರವಿರುವುದು ಲೇಸು, ಸದಸ್ಯತ್ವವಿಲ್ಲದ ಕೂಲಿಯವನೂ ಆಗ ಒಳಗೆ ಬರುವನು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತವೂ ಅದರೊಡನೆ ಕೂಡಿಕೊಂಡಿತು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಪೂರ್ಣ ವೆಚ್ಚ. ಎಪಿಎಲ್ ಕುಟುಂಬಕ್ಕೆ ಗೊತ್ತಾದ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಸಹಕಾರಿಗಳ ಪಕ್ಷ ಬೇರೊಂದು. ನಾಲ್ಕೆಕರೆ ತೆಂಗಿನ ತೋಟವಿದೆ ಎಂಬ ಕಾರಣಕ್ಕೆ ಎಪಿಎಲ್ ಎನಿಸಿಕೊಂಡು, ಕೊಳವೆಬಾವಿ ಬತ್ತಿ, ಸುಳಿ ಒಣಗಿದ ಮರಗಳನ್ನು ನೋಡುತ್ತ ಕುಳಿತಿರುವ ಹೊಸದುರ್ಗದ ರೈತನು, ನಿನ್ನೆಯವರೆಗೂ ಹಣ ತೆರದೆ ಪಡೆಯುತ್ತಿದ್ದ ಶಸ್ತ್ರಚಿಕಿತ್ಸೆಗೆ ಇನ್ನು ಮೇಲೆ ನೂರಕ್ಕೆ ಎಪ್ಪತ್ತನ್ನು ಕೈಯಿಂದ ತೆರಬೇಕು. ಅದಲ್ಲದೆ, ತುರ್ತೆಂದು ಗುರುತಿಸಿದ ಪ್ರಸಂಗಗಳನ್ನು ಬಿಟ್ಟರೆ, ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಇಲ್ಲಿ ಈ ಚಿಕಿತ್ಸೆ ಸಾಧ್ಯವಿಲ್ಲವೆಂಬ ರೆಫರಲ್ ಚೀಟಿಯನ್ನು ಬರೆಸಿಕೊಂಡು ಬರಬೇಕು.

ರೆಫರಲ್ ಚೀಟಿಯನ್ನು ಕುರಿತು ಒಂದು ಮಾತು ಹೇಳಬೇಕು. ಅದನ್ನು ಹೀಯಾಳಿಸುವುದು ನಮ್ಮಲ್ಲಿ ಒಂದು ರೂಢಿಯಾಗಿಬಿಟ್ಟಿದೆ. ನಾನು ಅದರ ತತ್ತ್ವವನ್ನು ಸಮರ್ಥಿಸುತ್ತೇನೆ. ಸಾರ್ವಜನಿಕ ಧನ ಖಾಸಗಿ ಆಸ್ಪತ್ರೆಗೆ ಹರಿದುಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯಲ್ಲಿಯೇ ಆ ಕೆಲಸ ಆಗಬಹುದೇ ಎಂದು ವಿಚಾರಿಸುವುದು ವಿವೇಕ. ಹಾಗೆ ವಿಚಾರಿಸದಿದ್ದರೆ ಅವಶ್ಯವಿಲ್ಲದ ಶಸ್ತ್ರಚಿಕಿತ್ಸೆಗಳು ಬೆಳೆಯುವ ಭಯವೂ ಉಂಟು. ಆದರೆ ಆ ವಿವೇಕಕ್ಕೆ ಪೂರ್ವಭಾವಿಯಾಗಿ ವೈದ್ಯರಿಂದ ತುಂಬಿದ ಸರ್ಕಾರಿ ಆಸ್ಪತ್ರೆ ಇರಬೇಕು. ಹಿರಿಯೂರಿನಿಂದ ಚಿತ್ರದುರ್ಗಕ್ಕೆ, ಚಿತ್ರದುರ್ಗದಿಂದ ದಾವಣಗೆರೆಗೋ ಬೆಂಗಳೂರಿಗೋ ರೋಗಿಯನ್ನು ಹೊತ್ತು ತಿರುಗುವ ಕುಟುಂಬಕ್ಕೆ ಚೀಟಿಯೆಂಬುದು ಮತ್ತೊಂದು ದಿನದ ಬಸ್ಸಿನ ಖರ್ಚು, ಮತ್ತೊಂದು ದಿನದ ಕೂಲಿಯ ನಷ್ಟ.

ಸಹಕಾರಿಗಳ ಪ್ರತಿಭಟನೆಗೆ ಫಲ ದೊರೆಯಿತು. 2022ರಲ್ಲಿ ಬಸವರಾಜ ಬೊಮ್ಮಾಯಿಯವರ ಸರ್ಕಾರ ಯಶಸ್ವಿನಿಯನ್ನು ಪುನರುಜ್ಜೀವಿಸಿತು. 2023ರ ಜನವರಿಯಿಂದ ಚಿಕಿತ್ಸೆ ಆರಂಭವಾಯಿತು. ಗ್ರಾಮೀಣ ಸಂಘದ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ನಗರದ ಸಂಘದವರಿಗೆ 1,000 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಸದಸ್ಯರ ವಂತಿಗೆ ಸರ್ಕಾರದ್ದು, ಮಿತಿ 5 ಲಕ್ಷ. ಒಂದೇ ಛತ್ರದ ಕಲ್ಪನೆ ಹೀಗೆ ನಾಲ್ಕೇ ವರ್ಷಗಳಲ್ಲಿ ಮುರಿದುಬಿತ್ತು. ಇದನ್ನು ಕೆಲವರು ಮತಗಳ ಆಸೆಯೆಂದರು. ಇರಬಹುದು. ಆದರೆ ತಮ್ಮ ಕಿಸೆಯಿಂದ ಹಣ ಕಟ್ಟುವುದಕ್ಕಾಗಿಯೇ ಜನರು ಹೋರಾಡಿದ ಉದಾಹರಣೆ ನಮ್ಮ ಸಾರ್ವಜನಿಕ ಜೀವನದಲ್ಲಿ ಹೆಚ್ಚಾಗಿಲ್ಲ. ಅದನ್ನು ಮತಗಳ ಲೆಕ್ಕದಲ್ಲಿ ಮಾತ್ರ ಅಳೆದು ಬಿಡುವುದು ಅವಸರದ ತೀರ್ಮಾನವೆಂದು ನನ್ನ ಭಾವನೆ.

ಇನ್ನು ಧಣಿಯ ದಾರಿ. ಇದರ ಮೂಲ ಜರ್ಮನಿಯಲ್ಲಿ, ಬಿಸ್ಮಾರ್ಕನು 1883ರಲ್ಲಿ ಮಾಡಿಸಿದ ಕಾರ್ಮಿಕರ ಕಾಯಿಲೆ ವಿಮೆಯ ಶಾಸನದಲ್ಲಿದೆ. ಇಂಗ್ಲೆಂಡಿನಲ್ಲಿ 1911ರಲ್ಲಿ ಲಾಯ್ಡ್ ಜಾರ್ಜ್ ಇಂಥದೇ ಶಾಸನವನ್ನು ತಂದಾಗ, ಕಾರ್ಮಿಕನ 4 ಪೆನ್ನಿಗೆ ಧಣಿಯ 3 ಮತ್ತು ಸರ್ಕಾರದ 2 ಸೇರುವ ಏರ್ಪಾಡಾಗಿತ್ತು. ಮನೆಗೆಲಸದವಳ ಕಾರ್ಡಿಗೆ ವಾರವಾರವೂ ಸ್ಟಾಂಪು ಅಂಟಿಸುವುದು ತಮ್ಮ ಘನತೆಗೆ ಕುಂದೆಂದು ಲಂಡನ್ನಿನ ಶ್ರೀಮಂತ ಗೃಹಿಣಿಯರು ಆಲ್ಬರ್ಟ್ ಹಾಲಿನಲ್ಲಿ ಸಭೆ ಸೇರಿ ಪ್ರತಿಭಟಿಸಿದರು. ನಗುವುದಕ್ಕೆ ಮೊದಲು, ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವವಳ ಹೆಸರಿನಲ್ಲಿ ನಾವು ಇಂದಿಗೂ ಯಾವ ಸ್ಟಾಂಪನ್ನೂ ಅಂಟಿಸುತ್ತಿಲ್ಲವೆಂಬುದನ್ನು ನೆನೆಯೋಣ. ನಮ್ಮ ದೇಶದಲ್ಲಿ ಪ್ರೊಫೆಸರ್ ಬಿ. ಪಿ. ಅದರ್ಕರ್ ಅವರ 1944ರ ವರದಿಯನ್ನು ಆಧರಿಸಿ 1948ರ ಏಪ್ರಿಲ್‌ನಲ್ಲಿ ಕಾರ್ಮಿಕರ ರಾಜ್ಯ ವಿಮಾ (ಇಎಸ್‌ಐ) ಕಾಯಿದೆ ಬಂದಿತು; ಅದಾಗಿ ಮೂರು ತಿಂಗಳೊಳಗೆ, ಅದೇ ಜುಲೈನಲ್ಲಿ, ಇಂಗ್ಲೆಂಡು ವಿಮೆಯ ಆ ದಾರಿಯನ್ನೇ ತೊರೆದು, ತೆರಿಗೆಯ ಹಣದಿಂದ ಎಲ್ಲ ಪ್ರಜೆಗಳಿಗೂ ಚಿಕಿತ್ಸೆ ಕೊಡುವ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿತು. ಅವರು ಬಿಟ್ಟ ದಾರಿಗೆ ನಾವು ಆಗತಾನೇ ಕಾಲಿಟ್ಟಿದ್ದೆವು.

ಕಾನ್ಪುರದಲ್ಲಿ 1952ರಲ್ಲಿ ಆರಂಭವಾಗಿ, 1958ರಲ್ಲಿ ಬೆಂಗಳೂರಿಗೆ ಬಂದ ಇಎಸ್‌ಐ ಯೋಜನೆಯನ್ನು ನಮ್ಮ ಜಿಲ್ಲೆಯವರು ಹೆಚ್ಚಾಗಿ ಬಲ್ಲುದು ದಾವಣಗೆರೆಯ ಹತ್ತಿಗಿರಣಿಗಳ ಮೂಲಕ. 1997ರ ವರೆಗೂ ದಾವಣಗೆರೆ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿಯೇ ಇದ್ದಿತಷ್ಟೆ. ಇಂದು ಹಿರಿಯೂರು, ಹೊಳಲ್ಕೆರೆಗಳ ಕಡೆಯಿಂದ ಬೆಂಗಳೂರಿನ ಗಾರ್ಮೆಂಟ್ಸ್‌ಗಳಿಗೆ ಹೋಗಿರುವ ಹೆಣ್ಣುಮಕ್ಕಳು ತಮ್ಮ ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತವನ್ನು ಕಾಣುತ್ತಾರೆ. 2019ರ ಜುಲೈನಿಂದ ವೇತನದ ಶೇ. 4ರಷ್ಟು ವಂತಿಗೆ, ಅದರಲ್ಲಿ ಧಣಿಯ ಪಾಲು 3.25, ದುಡಿಯುವವರ ಪಾಲು 0.75. ಅದಕ್ಕೆ ಮುನ್ನ ಒಟ್ಟು ವಂತಿಗೆ ಶೇ. 6.5 ಇದ್ದಿತು. ಈ ಇಳಿಕೆಯನ್ನು ಉದ್ಯಮಿಗಳು ಸ್ವಾಗತಿಸಿದರು. ಆಸ್ಪತ್ರೆಗಳ ಕೊರತೆಯನ್ನು ತುಂಬದೆ ವಂತಿಗೆಯನ್ನು ಇಳಿಸುವುದೇಕೆಂದು ಕಾರ್ಮಿಕ ಸಂಘಗಳು ಕೇಳಿದವು. ಔಷಧಾಲಯದ ಸಾಲು, ಮಾತ್ರೆಯ ಅಭಾವ, ತಜ್ಞರ ಗೈರುಹಾಜರಿ ಇವನ್ನು ಕುರಿತ ದೂರುಗಳು ಹಳೆಯವು, ಸಕಾರಣವಾದವು.

ಆದರೂ ಈ ಯೋಜನೆಯಲ್ಲಿ ಒಂದು ಅಂಶವಿದೆ. ಅದು ಆಯುಷ್ಮಾನ್ ಕಾರ್ಡಿನಲ್ಲಿಲ್ಲ, ಯಶಸ್ವಿನಿಯಲ್ಲಿಲ್ಲ, ದೊಡ್ಡ ಕಂಪನಿಗಳ ಗುಂಪು ವಿಮೆಯಲ್ಲಿಯೂ ಇಲ್ಲ. ಕಾಯಿಲೆ ಬಿದ್ದ ಕಾರ್ಮಿಕನಿಗೆ, ಗೊತ್ತಾದ ಅವಧಿಯಲ್ಲಿ 78 ದಿನಗಳ ವಂತಿಗೆ ಸಂದಿದ್ದರೆ, ವರ್ಷದಲ್ಲಿ 91 ದಿನಗಳವರೆಗೆ ವೇತನದ ಶೇ. 70ರಷ್ಟು ಹಣವನ್ನು ಇಎಸ್‌ಐ ಕೊಡುತ್ತದೆ. ಬಾಣಂತಿಗೆ 26 ವಾರಗಳ ವೇತನವನ್ನು ಕೊಡುತ್ತದೆ. ಬಡವನ ಮನೆಯಲ್ಲಿ ಕಾಯಿಲೆಯೆಂದರೆ ಆಸ್ಪತ್ರೆಯ ಬಿಲ್ಲೊಂದೇ ಅಲ್ಲವಷ್ಟೆ. ಅಡಕೆಯ ಮರದಿಂದ ಬಿದ್ದು ಸೊಂಟ ಮುರಿದವನಿಗೆ ಸರ್ಕಾರ 5 ಲಕ್ಷದವರೆಗೆ ಶಸ್ತ್ರಚಿಕಿತ್ಸೆ ಮಾಡಿಸಬಹುದು. ಆಮೇಲಿನ ಆರು ತಿಂಗಳು ಆ ಮನೆಯಲ್ಲಿ ಒಲೆ ಹೇಗೆ ಉರಿಯಬೇಕೆಂಬ ಪ್ರಶ್ನೆಗೆ ಕಾರ್ಡಿನಲ್ಲಿ ಉತ್ತರವಿಲ್ಲ. ನಮ್ಮ ವಿಮಾ ವಿವಾದಗಳಲ್ಲಿ ಈ ಅರ್ಧ ಭಾಗವನ್ನು ಕುರಿತು ಯಾರೂ ವಾದಿಸುವುದೇ ಇಲ್ಲವೆಂಬುದು ನನ್ನ ಬಹುಕಾಲದ ಕೊರಗು.

ಧಣಿಯ ದಾರಿಯ ದೋಷವೂ ಅಷ್ಟೇ ಸ್ಪಷ್ಟ. 2017ರ ಜನವರಿಯಲ್ಲಿ ಗೊತ್ತುಮಾಡಿದಂತೆ ತಿಂಗಳ ವೇತನ 21,000 ರೂಪಾಯಿಯನ್ನು ಮೀರಿತೆಂದರೆ, ನಡೆಯುತ್ತಿರುವ ವಂತಿಗೆಯ ಅವಧಿ ಮುಗಿದ ಮೇಲೆ ಕಾರ್ಮಿಕನು ಇಎಸ್‌ಐನಿಂದ ಹೊರಬೀಳುತ್ತಾನೆ. ಸಂಬಳ ಹೆಚ್ಚಿದ ಸಂತೋಷದ ಜೊತೆಯಲ್ಲಿಯೇ ವಿಮೆ ಹೋದ ಭಯ. ಗಿರಣಿ ಮುಚ್ಚಿದರೆ, ಗುತ್ತಿಗೆದಾರ ಬದಲಾದರೆ, ದುಡಿಯುವ ಜನರ ಸಂಖ್ಯೆಯನ್ನು ಧಣಿ ಹತ್ತಕ್ಕಿಂತ ಕಡಮೆಯೆಂದು ತೋರಿಸಿದರೆ, ಹಕ್ಕು ಮಾಯ. 2020ರ ಏಪ್ರಿಲ್‌ನಲ್ಲಿ, ಕೋವಿಡ್ ದಿಗ್ಬಂಧನದ ನಡುವೆ, ಕೆಲಸ ಪುನರಾರಂಭಿಸುವ ಸಂಸ್ಥೆಗಳು ಕಾರ್ಮಿಕರಿಗೆ ವೈದ್ಯಕೀಯ ವಿಮೆ ಮಾಡಿಸತಕ್ಕದ್ದೆಂದು ಕೇಂದ್ರ ಗೃಹ ಸಚಿವಾಲಯ ವಿಧಿಸಿತು; ಆದರೆ ಅಂದು ಮೂಟೆ ಹೊತ್ತು ಹೆದ್ದಾರಿಯಲ್ಲಿ ಊರುಗಳಿಗೆ ನಡೆಯುತ್ತಿದ್ದವರಲ್ಲಿ ಎಷ್ಟೋ ಮಂದಿಗೆ ಧಣಿಯೆಂಬವನೇ ಉಳಿದಿರಲಿಲ್ಲ. ಅಮೆರಿಕೆಯಲ್ಲಂತೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ವೇತನವನ್ನು ಕಾನೂನು ಸ್ಥಗಿತಗೊಳಿಸಿದಾಗ ಕೆಲಸಗಾರರನ್ನು ಸೆಳೆಯಲು ಧಣಿಗಳು ವಿಮೆಯನ್ನು ಕೊಡಹತ್ತಿ, ಆ ಆಕಸ್ಮಿಕವೇ ಅಲ್ಲಿನ ವ್ಯವಸ್ಥೆಯ ಬುನಾದಿಯಾಯಿತು. 2010ರ ವಿಮಾ ಸುಧಾರಣೆಯೂ ಅದನ್ನು ಕದಲಿಸಲಿಲ್ಲ, 50 ಅಥವಾ ಹೆಚ್ಚು ಪೂರ್ಣಕಾಲದ ನೌಕರರುಳ್ಳ ಸಂಸ್ಥೆಗಳ ಮೇಲೆ ಅದನ್ನು ಕರ್ತವ್ಯವಾಗಿಯೇ ಹೊರಿಸಿತು. ಅಲ್ಲಿ ನೆಲಸಿರುವ ನಮ್ಮ ಕನ್ನಡದ ಮಕ್ಕಳನ್ನು ಕೇಳಿದರೆ, ಉದ್ಯೋಗ ಹೋದ ದಿನ ವೀಸಾದ ಚಿಂತೆಯಷ್ಟೇ ವಿಮೆಯ ಚಿಂತೆಯೂ ಕಾಡುವುದೆಂದು ಹೇಳುವರು.

ಸರ್ಕಾರವೇ ಧಣಿಯಾದಾಗ ಏನಾಗುತ್ತದೆಂಬುದಕ್ಕೆ ಇತ್ತೀಚಿನ ನಿದರ್ಶನ, ರಾಜ್ಯದ ನೌಕರರಿಗಾಗಿ 2025ರ ಅಕ್ಟೋಬರ್‌ನಿಂದ ಜಾರಿಗೊಳಿಸಿದ ಕರ್ನಾಟಕ ಆರೋಗ್ಯ ಸಂಜೀವಿನಿ. ನೌಕರರ ವೃಂದಕ್ಕೆ ಅನುಸಾರವಾಗಿ ತಿಂಗಳಿಗೆ 250, 350, 500, 1,000 ರೂಪಾಯಿಗಳ ವಂತಿಗೆ. ಅದುವರೆಗೆ ಬಿಲ್ಲುಗಳನ್ನು ಸಲ್ಲಿಸಿ ವೆಚ್ಚವನ್ನು ಮರಳಿ ಪಡೆಯುತ್ತಿದ್ದವರಲ್ಲಿ ಕೆಲವರು, ನಗದಿಲ್ಲದ ಚಿಕಿತ್ಸೆಗಾಗಿ ಸಂಬಳದಿಂದ ಹಣ ಕೊಡಬೇಕೇ ಎಂದು ಮುನಿದರು. ಹೊರಗುಳಿಯಲು ಅವಕಾಶ ಬೇಕೆಂದು ಕೇಳಿದರು. ಈ ವಿವಾದದ ಬಗ್ಗೆ ನನಗೆ ದೀರ್ಘವಾಗಿ ಹೇಳುವ ಆಸೆಯಿಲ್ಲ. ನಿಶ್ಚಿತ ಸಂಬಳವುಳ್ಳವರು ತಮ್ಮೊಳಗೆ ಇತ್ಯರ್ಥ ಮಾಡಿಕೊಳ್ಳಬಲ್ಲ ಜಗಳವಿದು.

ಅದೇ ಸರ್ಕಾರಕ್ಕಾಗಿ ದುಡಿದೂ ಅದನ್ನು ಧಣಿಯೆಂದು ಕರೆಯುವ ಅಧಿಕಾರವಿಲ್ಲದವರ ವಿಷಯ ಬೇರೆ. ನಿಮ್ಮ ಊರಿನಲ್ಲಿ ಗರ್ಭಿಣಿಯರ ಪಟ್ಟಿ ಬರೆಯುವ, ಮಗುವಿಗೆ ಲಸಿಕೆಯ ದಿನವನ್ನು ನೆನಪಿಸುವ, ನಿಮಗೆ ಆಯುಷ್ಮಾನ್ ಕಾರ್ಡು ಮಾಡಿಸಿಕೊಳ್ಳಿರೆಂದು ಮನೆಮನೆಗೂ ಬಂದು ಹೇಳುವ ಆಶಾ ಕಾರ್ಯಕರ್ತೆಯು ಕಾನೂನಿನ ಕಣ್ಣಿಗೆ ಸ್ವಯಂಸೇವಕಿ; ಪಡೆಯುವುದು ಗೌರವಧನ, ವೇತನವಲ್ಲ; ಆದುದರಿಂದ ಇಎಸ್‌ಐಗೆ ಅವಳು ಅರ್ಹಳಲ್ಲ. 2025ರ ಜನವರಿಯ ಚಳಿಯಲ್ಲಿ ರಾಜ್ಯದ ನಾನಾ ಕಡೆಗಳ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕುಳಿತುದು ಇಂಥ ಸ್ಥಿತಿಯ ವಿರುದ್ಧ. 2024ರ ಮಧ್ಯಂತರ ಬಜೆಟ್ಟಿನಲ್ಲಿ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆಲ್ಲ ಆಯುಷ್ಮಾನ್ ಭಾರತವನ್ನು ವಿಸ್ತರಿಸುವುದಾಗಿ ಕೇಂದ್ರ ಘೋಷಿಸಿತ್ತು. ಎಂದರೆ, ಧಣಿಯಾಗಿ ಕೊಡಬೇಕಾದುದನ್ನು ಸರ್ಕಾರ ದಾತೃವಾಗಿ ಕೊಟ್ಟಿತು. ಕೊಡುವ ವಸ್ತು ಒಂದೇ ಆದರೂ ಪಡೆಯುವವಳ ನಿಲುವು ಒಂದೇ ಆಗುವುದಿಲ್ಲ. ಆಸ್ಪತ್ರೆಯ ಬಿಲ್ಲಿಗೆ ಕಾರ್ಡು ಬಂದಿತು, ಕಾಯಿಲೆಯ ದಿನಗಳ ಗೌರವಧನದ ಪ್ರಶ್ನೆ ಹಾಗೆಯೇ ಉಳಿಯಿತು.

ಹಾಗಾದರೆ ಪ್ರಜೆಯೆಂಬ ಸಂಬಂಧದಿಂದ ಬರುವ ಮೂರನೆಯ ದಾರಿಯೇ ಶ್ರೇಷ್ಠವೇ? ನ್ಯಾಯದ ದೃಷ್ಟಿಯಿಂದ ಹೌದು, ಅದರಲ್ಲಿ ನನಗೆ ಸಂದೇಹವಿಲ್ಲ. ನೌಕರಿ ಬಿಟ್ಟರೂ, ಊರು ಬಿಟ್ಟರೂ, ಸಂಘದ ಷೇರು ಇಲ್ಲದಿದ್ದರೂ ಮನುಷ್ಯನೊಡನೆ ಸಾಗಬಲ್ಲ ಹಕ್ಕು ಅದೊಂದೇ. 2024ರ ಅಕ್ಟೋಬರ್‌ನಲ್ಲಿ 70 ವರ್ಷ ತುಂಬಿದವರಿಗೆಲ್ಲ, ಆದಾಯವನ್ನು ವಿಚಾರಿಸದೆ, ಆಯುಷ್ಮಾನ್ ವಿಸ್ತರಿಸಿದುದು ಆ ದಿಕ್ಕಿನ ಹೆಜ್ಜೆ. ಅದರ ಭಾರ ಕೇಂದ್ರಕ್ಕೆಷ್ಟು ರಾಜ್ಯಕ್ಕೆಷ್ಟು ಎಂಬ ತಕರಾರು ನಡೆದಿದೆ, ನಡೆಯಲಿ. ನನ್ನ ಅನುಮಾನವಿರುವುದು ಹಣದ ಮೂಲದಲ್ಲಲ್ಲ, ಅದು ತಲಪುವ ಬಗೆಯಲ್ಲಿ. 2022ರಲ್ಲಿ, 1933ರ ತರುವಾಯ ಮೊದಲ ಸಲ, ವಾಣಿವಿಲಾಸ ಸಾಗರ ಕೋಡಿ ಬಿದ್ದುದನ್ನು ನೀವೆಲ್ಲರೂ ಹೋಗಿ ನೋಡಿ ಕಣ್ತುಂಬಿಕೊಂಡಿರಿ. ಆದರೆ ಅಣೆ ತುಂಬಿದ ಮಾತ್ರಕ್ಕೆ ಅಚ್ಚುಕಟ್ಟಿನ ಹೊರಗಣ ಹೊಲಕ್ಕೆ ನೀರು ಹರಿಯಲಿಲ್ಲ. ವಿಮೆಯ ಹಣವೂ ಹಾಗೆಯೇ ಆಸ್ಪತ್ರೆಗಳಿರುವಲ್ಲಿಗೆ ಹರಿಯುತ್ತದೆ. ಚಿತ್ರದುರ್ಗಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದುದು 2023ರಲ್ಲಿ. ಅಲ್ಲಿಯ ಹಾಸಿಗೆಗಳು, ತಜ್ಞರು, ಹಿರಿಯೂರಿನ ತಾಲ್ಲೂಕು ಆಸ್ಪತ್ರೆಯ ಅರಿವಳಿಕೆ ವೈದ್ಯರ ಹುದ್ದೆ ಇವು ತುಂಬುವ ಪರ್ಯಂತ 5 ಲಕ್ಷವೆಂಬ ಅಂಕಿ ದೂರದ ನಗರಗಳ ಆಸ್ಪತ್ರೆಗಳಿಗೆ ಬರೆದುಕೊಟ್ಟ ಅಂಕಿಯಾಗಿಯೇ ಇರುತ್ತದೆ.

ಇನ್ನೊಂದು ಕೊರತೆ, ಪ್ರಜೆಯ ಕಾರ್ಡಿಗೆ ಬಾಯಿಲ್ಲ. ಕಾರ್ಡು ತೋರಿಸಿದ ಮೇಲೂ ಆಸ್ಪತ್ರೆಯವರು ಡೆಪಾಸಿಟ್ ಕೇಳಿದರೆ, ಪ್ಯಾಕೇಜಿನಲ್ಲಿ ಸೇರದೆಂದು ಹೊರಗಿನಿಂದ ಔಷಧ ತರಿಸಿದರೆ, ಹಳ್ಳಿಯವನು ಹೇಳಿಕೊಳ್ಳುವುದು ಎಲ್ಲಿ? ಸಹಾಯವಾಣಿಯ ಸಂಖ್ಯೆ ಗೋಡೆಯ ಮೇಲೆ ಇದೆ. ಊರಿನಲ್ಲಿ ಉತ್ತರ ಹೇಳಬೇಕಾದವರು ಯಾರೂ ಇಲ್ಲ. ಆದುದರಿಂದ ನನ್ನ ಅಭಿಪ್ರಾಯ ಇದು: ಹಕ್ಕು ಪ್ರಜೆಯದಾಗಲಿ, ಹಣದಲ್ಲಿ ಧಣಿಯ ಪಾಲು ಅವನ ಲಾಭಕ್ಕೆ ತಕ್ಕಂತೆ ಕಡ್ಡಾಯವಾಗಿ ಬರಲಿ, ಆಪ್‌ಗಳ ಮೂಲಕ ಊಟ ಹಂಚುವ ಹುಡುಗರಿಗಾಗಿ ಪ್ರತಿ ವಹಿವಾಟಿನ ಮೇಲೆ ಶುಲ್ಕ ವಿಧಿಸುವ 2025ರ ನಮ್ಮ ರಾಜ್ಯದ ಗಿಗ್ ಕಾರ್ಮಿಕರ ಶಾಸನದಂತೆ, ಧಣಿ ಯಾರೆಂಬ ತರ್ಕಕ್ಕೆ ಸಿಕ್ಕದೆ ವಸೂಲಾಗಲಿ, ಆದರೆ ಲೆಕ್ಕ ಕೇಳುವ ಸ್ಥಳ ಮಾತ್ರ ಊರಿನ ಸಂಘದಲ್ಲಿಯೇ ಇರಲಿ. ಇದಕ್ಕೆ ಆಕ್ಷೇಪವುಂಟೆಂದು ಬಲ್ಲೆ. ಸಂಘಗಳಲ್ಲಿ ಪಕ್ಷ ರಾಜಕೀಯವಿದೆ, ಜಾತಿಯಿದೆ, ಸಾಲ ಕೊಡುವಾಗ ಮುಖ ನೋಡುವ ಅಭ್ಯಾಸವಿದೆ ಎಂದು ಇಲ್ಲಿ ಕುಳಿತಿರುವ ಯುವಕರೇ ಹೇಳಬಹುದು. ಅದು ನಿಜವೇ. ಆದರೆ ಆ ರಾಜಕೀಯ ನಮ್ಮ ಕಣ್ಣೆದುರಿಗೆ ನಡೆಯುತ್ತದೆ. ಐದು ವರ್ಷಕ್ಕೊಮ್ಮೆ ಅದನ್ನು ಬದಲಿಸುವ ಚುನಾವಣೆಯೂ ಇದೆ.

ಸಹಕಾರ ಸಂಘಗಳ ಕಾಯಿದೆಯ ಪ್ರಕಾರ ಪ್ರತಿ ಸಂಘವೂ ಸೆಪ್ಟೆಂಬರ್ 25ರೊಳಗೆ ವಾರ್ಷಿಕ ಸರ್ವಸದಸ್ಯರ ಸಭೆಯನ್ನು ನಡೆಸತಕ್ಕದ್ದು. ಗೊಬ್ಬರದ ದಾಸ್ತಾನನ್ನೂ ಲಾಭಾಂಶವನ್ನೂ ಕುರಿತು ಆ ಸಭೆಯಲ್ಲಿ ಗಂಟಲು ಹರಿಯುವಂತೆ ಕೇಳುವ ಸದಸ್ಯರು, ಯಶಸ್ವಿನಿಗೆ ನಮ್ಮ ಊರಿನಿಂದ ಎಷ್ಟು ಹಣ ಹೋಯಿತು, ಎಷ್ಟು ಮಂದಿ ಚಿಕಿತ್ಸೆ ಪಡೆದರು, ಕಾರ್ಡಿದ್ದೂ ಯಾವ ಆಸ್ಪತ್ರೆಯಲ್ಲಿ ಕೈಯಿಂದ ಎಷ್ಟು ತೆರಬೇಕಾಯಿತು ಎಂಬ ಲೆಕ್ಕವನ್ನೂ ಕೇಳಬಹುದು; ಷೇರು ಇಲ್ಲದ ಕೂಲಿಯವರನ್ನು, ಆಶಾ ಕಾರ್ಯಕರ್ತೆಯನ್ನು ಅಂದು ಸಭೆಗೆ ಕರೆದು, ಆಯುಷ್ಮಾನ್ ಕಾರ್ಡಿನ ಅವರ ಅನುಭವವನ್ನೂ ನಡವಳಿಕೆ ಪುಸ್ತಕದಲ್ಲಿ ಬರೆಸಬಹುದು. ಈ ವಿಷಯವನ್ನು ಕಾರ್ಯಸೂಚಿಯಲ್ಲಿ ಸೇರಿಸಿರೆಂದು ಕಾರ್ಯದರ್ಶಿಯವರಿಗೆ ಮುಂಚಿತವಾಗಿ ಒಂದು ಪತ್ರ ಕೊಡಬೇಕು, ಅಷ್ಟೆ.